ಸೊಂಟಕ್ಕೆ ಹಗ್ಗ ಕಟ್ಕೊಂಡೇ ಬಾವಿಗೆ ಇಳಿಯೋದು

"ಕಂಫರ್ಟ್ ಝೋನ್‌ನಿಂದ ಆಚೆ ಬನ್ನಿ, ಭಯ ಬರೀ ಮನಸ್ಸಲ್ಲಿರೋದು" ಅಂತ ದಿನಕ್ಕೊಂದು ರೀಲ್ ಬರುತ್ತೆ ನಂಗೆ. ಮೊದಲ್ನೇದಕ್ಕೆ ನಂದೇನೂ ತಕರಾರಿಲ್ಲ, ನಲವತ್ತು ದಾಟಿದ್ಮೇಲೆ ಈಜು ಕಲಿಯೋಕೆ ಹೋದೋಳು ನಾನು. ಎರಡನೇ ಮಾತು ಮಾತ್ರ ಶುದ್ಧ ಸುಳ್ಳು ಕಣ್ರೀ.

ನಾಲ್ಕಡಿ ನೀರು, ನಿಂತ್ರೆ ಎದೆಮಟ್ಟ, ಮುಳುಗೋ ಚಾನ್ಸೇ ಇಲ್ಲ ಅಂತ ತಲೆಗೆ ಚೆನ್ನಾಗಿ ಗೊತ್ತು, ಆದ್ರೂ ಮುಖ ನೀರಿಗಿಟ್ಟ ತಕ್ಷಣ ಎದೆ ಡವಡವ, ಕೈ ತಾನಾಗೇ ಹೋಗಿ ಕಂಬಿ ಹಿಡ್ಕೊಳ್ಳುತ್ತೆ. ಕೋಚ್ ಧೈರ್ಯದ ಮಾತೇ ಎತ್ತಲಿಲ್ಲ, "ಮೇಡಂ ಉಸಿರು ಹಿಡ್ಕೋಬೇಡಿ, ನೀರೊಳಗೆ ಗುಳ್ಳೆ ಬಿಡಿ" ಅಂದ್ರು ಅಷ್ಟೇ. ಉಸಿರು ಕಟ್ಟಿದಾಗ ಆಗೋ ಆ ಒದ್ದಾಟ ಇದ್ಯಲ್ಲ, ಅದು ಹೆಚ್ಚಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದ್ದಕ್ಕಂತೆ, ಆಕ್ಸಿಜನ್ ಇನ್ನೂ ಸಾಕಷ್ಟಿರುತ್ತೆ. ಅಂದ್ರೆ ಅಪಾಯ ದೂರ ಇರೋವಾಗ್ಲೇ ಮೈ ಕೂಗಿ ಹೇಳುತ್ತೆ. ಹಂಗಂತ ಆ ಕೂಗನ್ನೇ ಅದುಮಿಬಿಟ್ರೆ ಕಥೆ ಮುಗೀತು. ಬೇಗ ಬೇಗ ಜೋರಾಗಿ ಉಸಿರಾಡ್ಕೊಂಡು ಮುಳುಗಿದ್ರೆ ಕಾರ್ಬನ್ ಡೈಆಕ್ಸೈಡ್ ಮೊದಲೇ ಕಮ್ಮಿಯಾಗಿರುತ್ತೆ, ಮೈ ಕೂಗೋಷ್ಟರಲ್ಲಿ ಆಕ್ಸಿಜನ್ ಇಳಿದು ನೀರೊಳಗೇ ಪ್ರಜ್ಞೆ ತಪ್ಪುತ್ತೆ, ಚೆನ್ನಾಗಿ ಈಜೋರೇ ಹೀಗೆ ಸತ್ತಿರೋದುಂಟು.

ನಮ್ಮೂರ ಬಾವೀಲಿ ಹುಡುಗ್ರಿಗೆ ಈಜು ಕಲಿಸೋ ರೀತಿ ಎರಡಿತ್ತು. ಒಂದು, ಬೆನ್ನಿಗೆ ಒಣಗಿದ ಸೋರೆಬುರುಡೆ, ಸೊಂಟಕ್ಕೆ ಹಗ್ಗ, ಮೆಟ್ಟಿಲ ಮೇಲೆ ಹಗ್ಗದ ತುದಿ ಹಿಡಿದು ಬೈತಾ ಕೂತಿರೋ ದೊಡ್ಡಪ್ಪ. ಇನ್ನೊಂದು, ಹಿಂದಿನಿಂದ ಬಂದು ತಳ್ಳಿಬಿಡೋದು. ತಳ್ಳಿಸ್ಕೊಂಡು ಕಲಿತೋರು ಇವತ್ತಿಗೂ ಮೀಸೆ ತಿರುವ್ಕೊಂಡು ಹೇಳ್ತಾರೆ, ಆಮೇಲೆ ಬಾವಿ ಕಡೆಗೇ ತಲೆ ಹಾಕದೇ ಇರೋರು ಏನೂ ಹೇಳಲ್ಲ, ಅವರನ್ನ ಯಾರೂ ಕೇಳೋದೂ ಇಲ್ಲ. ಈ ಮೋಟಿವೇಶನ್‌ನೋರೆಲ್ಲ ತಳ್ಳೋ ಪಾರ್ಟಿ.

ನಿಜವಾಗ್ಲೂ ಮಿತಿ ದಾಟಿದೋರನ್ನ ನೋಡಿ. ಈಜುಗಾರ್ತಿ ನಿಶಾ ಮಿಲ್ಲೆಟ್ ಐದು ವರ್ಷದೋರಿದ್ದಾಗ ಮುಳುಗೋದ್ರಿಂದ ಸ್ವಲ್ಪದ್ರಲ್ಲಿ ಪಾರಾದೋರು, ಆ ಭಯ ಬಿಡಿಸೋಕೆ ಅಂತ 1991ರಲ್ಲಿ ಚೆನ್ನೈನಲ್ಲಿ ಅಪ್ಪಾನೇ ನಿಂತು ಈಜು ಕಲಿಸಿದ್ರು, 2000ದಲ್ಲಿ ಅವರು ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ್ರು. ಬಂಗಾಳದ ಆರತಿ ಸಾಹಾ ಅವರದ್ದು ನಂಗೆ ಇನ್ನೂ ಇಷ್ಟ. 1959ರ ಆಗಸ್ಟ್‌ನಲ್ಲಿ ಇಂಗ್ಲಿಷ್ ಚಾನೆಲ್, ಅಂದ್ರೆ ಫ್ರಾನ್ಸ್‌ಗೂ ಇಂಗ್ಲೆಂಡ್‌ಗೂ ನಡುವಿನ ಸಮುದ್ರ, ಈಜೋಕೆ ಇಳಿದು, ದಡ ಇನ್ನು ಕೆಲವೇ ಮೈಲಿ ಅನ್ನೋವಾಗ ಎದುರಿಂದ ನೀರಿನ ಸೆಳೆತ, ಅವರಿಗೆ ಬಿಡೋ ಮನಸ್ಸಿರಲಿಲ್ಲ, ಜೊತೆಗಿದ್ದ ದೋಣಿಯವರು ಸಾಕು ಅಂದ್ರು, ಹತ್ತಿಬಿಟ್ರು. ಸೆಪ್ಟೆಂಬರ್ 29ಕ್ಕೆ ಮತ್ತೆ ಇಳಿದು 16 ಗಂಟೆ 20 ನಿಮಿಷಕ್ಕೆ ದಾಟಿದ್ರು, ಏಷ್ಯಾದ ಹೆಣ್ಣುಮಕ್ಕಳಲ್ಲೇ ಮೊದಲು. ಚಾನೆಲ್ ಈಜೋರು ದೋಣಿ ಮುಟ್ಟೋ ಹಾಗಿಲ್ಲ, ಮುಟ್ಟಿದ್ರೆ ಔಟ್. ಆದ್ರೆ ಪಕ್ಕದಲ್ಲಿ ದೋಣಿ ಇಲ್ದೆ ಯಾರನ್ನೂ ನೀರಿಗೇ ಬಿಡಲ್ಲ. ಆಗಸ್ಟ್‌ನಲ್ಲಿ "ಗಿವ್ ಅಪ್ ಮಾಡ್ಬೇಡಿ" ಅನ್ನೋನು ಯಾರಾದ್ರೂ ಆ ದೋಣೀಲಿ ಕೂತಿದ್ರೆ ಏನಾಗ್ತಿತ್ತೋ!

ಪ್ರತಿ ಬೇಸಿಗೇಲಿ ಪೇಪರ್ ತೆಗೆದ್ರೆ ಕೆರೆಗೆ ಇಳಿದ ಹುಡುಗ್ರು, ಕೃಷಿ ಹೊಂಡಕ್ಕೆ ಬಿದ್ದ ಹುಡುಗ್ರು. ಆ ಹೊಂಡಕ್ಕೆ ಹಾಸಿರೋ ಪ್ಲಾಸ್ಟಿಕ್ ಶೀಟ್ ಪಾಚಿ ಕಟ್ಟಿ ಜಾರುತ್ತೆ, ಈಜು ಬಂದ್ರೂ ಮೇಲೆ ಹತ್ತೋಕಾಗಲ್ಲ, ಒಬ್ಬನ್ನ ಉಳಿಸೋಕೆ ಹೋಗಿ ಇನ್ನೊಬ್ಬ. ಅಂಥಾ ಕಡೆ "ಏನೋ, ಭಯಾನಾ?" ಅಂತ ಚಾಲೆಂಜ್ ಹಾಕೋ ಫ್ರೆಂಡ್‌ಗಿಂತ ಅಂಜುಬುರುಕ ಫ್ರೆಂಡೇ ವಾಸಿ.

ಅಂದಹಾಗೆ ನಮ್ಮ ಮನೆ ಹೆಣ್ಣುಮಕ್ಕಳ ಬೆನ್ನಿಗೆ ಆ ಬುರುಡೆ ಯಾರೂ ಕಟ್ಟಲೇ ಇಲ್ಲ. ಅಣ್ಣಂದಿರು ಬಾವೀಲಿ ಧುಮುಕ್ತಾ ಇದ್ರೆ ನಾವು ಅದೇ ಬಾವಿಯಿಂದ ಕೊಡ ಹೊತ್ಕೊಂಡು ಬರ್ತಿದ್ವಿ. ಇಷ್ಟು ವಯಸ್ಸಾದ್ಮೇಲೆ ಕಲಿಯೋಣ ಅಂತ ಹೋದ್ರೆ ಲೇಡೀಸ್ ಬ್ಯಾಚ್ ಬೆಳಗ್ಗೆ ಹನ್ನೊಂದಕ್ಕಂತೆ! ಆಫೀಸಿಗೆ ಹೋಗೋರು ರಜಾ ಹಾಕಿ ಭಯ ಬಿಡಿಸ್ಕೋಬೇಕಾ? ನಿಮ್ಮೂರ ಪೂಲ್‌ಗಳಲ್ಲಿ ಬೆಳಗ್ಗೆ ಆರಕ್ಕೋ ಸಂಜೆ ಏಳಕ್ಕೋ ಹೆಂಗಸರಿಗೆ ಬ್ಯಾಚ್ ಇದ್ರೆ ಕಮೆಂಟಲ್ಲಿ ಹಾಕಿ, ಕೇಳೋರು ತುಂಬಾ ಜನ ಇದ್ದಾರೆ.