ಅಡಿಗೆಮನೆಗೂ ಒಂದು ಬೆಟ್ಟ

ಅಡಿಗೆಮನೆ ದೊಡ್ಡದಾಗಬೇಕು ಎಂಬ ಮಾತಿಗೆ ನಮ್ಮ ಮನೆಯಲ್ಲಿ ಯಾರ ವಿರೋಧವೂ ಇಲ್ಲ. ಜಾಗ ಎಲ್ಲಿಂದ ಎಂದು ಕೇಳಿದರೆ ಮಾತ್ರ ಎಲ್ಲರಿಗೂ ಬೇರೆ ಕೆಲಸ ನೆನಪಾಗುತ್ತದೆ. ಹಾಲ್‌ನಿಂದ ಮೂರಡಿ ತೆಗೆಯೋಣ ಅಂದರೆ ಇವರಿಗೆ ನೆಂಟರ ಚಿಂತೆ. ಆ ನೆಂಟರೋ, ಬಾಯಾರಿಕೆಗೆ ಕೊಟ್ಟ ಆಸರಿಗೆ ಕುಡಿಯುವಷ್ಟು ಹೊತ್ತು ಹಾಲ್‌ನಲ್ಲಿ ಕೂತು ಆಮೇಲೆ ಒಬ್ಬೊಬ್ಬರಾಗಿ ಒಳಗೇ ಬಂದು ನಿಲ್ಲುತ್ತಾರೆ. ದೇವರ ಕೋಣೆಯ ಸುದ್ದಿ ಎತ್ತುವ ಹಾಗಿಲ್ಲ. ಮಗನ ರೂಮು ವರ್ಷವಿಡೀ ಖಾಲಿ. ಅವನು ಬೆಂಗಳೂರಿನಿಂದ ದೀಪಾವಳಿಗೆ ಬರುತ್ತಾನೆ. ಆದರೂ ಅದು ಅವನ ರೂಮು, ಅಲ್ವಾ? ಅಂತೂ ಶಿರಸಿ ಪೇಟೆಯ ಈ ಸಣ್ಣ ಸೈಟಿನ ಮನೆಯಲ್ಲಿ ಯಾವ ಗೋಡೆ ಮುಟ್ಟಿದರೂ ಅದರ ಪರ ವಾದಿಸಲು ಒಬ್ಬ ವಕೀಲರು ತಯಾರಿದ್ದಾರೆ.

ಅತ್ತೆ ಮಾತ್ರ ಬೇರೆಯೇ ಹೇಳಿದರು. "ತಂಗಿ, ಅಡಿಗೆಮನೆ ಸಣ್ಣ ಆಜಿಲ್ಲೆ. ಸಾಮಾನು ಜಾಸ್ತಿ ಆಜು." ಅಂದರೆ ಅಡಿಗೆಮನೆ ಸಣ್ಣದಾಗಿಲ್ಲ, ಸಾಮಾನು ಜಾಸ್ತಿಯಾಗಿದೆ.

ಸೊಸೆಗೆ ಇಂಥ ಮಾತು ಕೇಳಿದ ಕೂಡಲೇ ಸಿಟ್ಟು ಬರುತ್ತದೆ. ಬಂತು ಕೂಡ. ಆದರೆ ಹಳ್ಳಿಯ ಹಳೇ ಮನೆಯನ್ನು ನೆನಪಿಸಿಕೊಂಡರೆ ಅವರ ಲೆಕ್ಕ ಸರಿ ಅನ್ನಿಸುತ್ತದೆ. ಅಷ್ಟು ದೊಡ್ಡ ಮನೆ. ಜಗಲಿಯೇನು, ನಡುಮನೆಯೇನು, ಮಹಡಿಯ ಮೇಲಿನ ಉದ್ದದ ಮಾಡೇನು! ಅಡಿಗೆಮನೆ ಮಾತ್ರ ಕತ್ತಲೆಯ ಒಂದು ಮೂಲೆ. ಗೋಡೆ ಬುಡಕ್ಕೆ ಒಲೆ, ಒಲೆಯ ಮುಂದೆ ಒಂದು ಮಣೆ, ಇಬ್ಬರು ಕೂತರೆ ಮೂರನೆಯವರು ಬಾಗಿಲಲ್ಲಿ. ಆದರೂ ಜಾಗ ಸಾಲದು ಎಂದು ಅಲ್ಲಿ ಯಾರೂ ಗೊಣಗಿದ್ದು ನಾನು ಕೇಳಿಲ್ಲ. ಯಾಕೆಂದರೆ ಅಡಿಗೆಯ ಅರ್ಧಕ್ಕರ್ಧ ಕೆಲಸ ಅಡಿಗೆಮನೆಯಲ್ಲಿ ಆಗುತ್ತಲೇ ಇರಲಿಲ್ಲ. ಒರಳು ಹಿಂದಿನ ಜಗಲಿಯಲ್ಲಿ. ಪಾತ್ರೆ ತೊಳೆಯುವುದು ಬಾವಿಕಟ್ಟೆ ಹತ್ತಿರ. ಮಿಡಿ ಉಪ್ಪಿನಕಾಯಿಯ ಭರಣಿಗಳು ಯಾರೂ ಓಡಾಡದ ಒಳಕೋಣೆಯಲ್ಲಿ. ಮೊಗೆಕಾಯಿ, ಅಂದರೆ ಮಂಗಳೂರು ಸೌತೆ, ಬಾಳೆಪಟ್ಟೆ ಕಟ್ಟಿಸಿಕೊಂಡು ಅಟ್ಟದ ತೊಲೆಗೆ ತೂಗುತ್ತಿತ್ತು, ಮಳೆಗಾಲ ಕಳೆಯುವವರೆಗೂ ಕೆಡದೆ. ಹಲಸಿನ ಹಪ್ಪಳ ಅಂಗಳದಲ್ಲಿ. ಕಟ್ಟಿಗೆ ಕೊಟ್ಟಿಗೆಯ ಪಕ್ಕ. ತಂಬುಳಿಗೆ ಒಂದೆಲಗ ಬೇಕೆಂದರೆ ಬಾಗಿಲು ದಾಟಿ ಬಗ್ಗಿದರೆ ಆಯಿತು. ಹತ್ತಿಪ್ಪತ್ತು ಜನರ ಅಡಿಗೆಯಾದರೆ ಹೊರಗೇ ಒಲೆ ಹೂಡುತ್ತಿದ್ದರು. ಗೋಡೆಗಳು ದಪ್ಪ. ಅದರೊಳಗೇ ಗೂಡು, ಗೂಡಿನೊಳಗೆ ಉಪ್ಪಿನ ಮರಿಗೆ, ಹುಣಸೆಹಣ್ಣು, ದೀಪ.

ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳುವುದು ಸುಲಭ. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆ ತನಕ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಬಿಟ್ಟಿದ್ದಾರೆ. ಸೊಪ್ಪು, ದರಕು ಎಂಬ ಒಣ ಎಲೆ, ಗೊಬ್ಬರ ಎಲ್ಲ ಅಲ್ಲಿಂದಲೇ ಬರಬೇಕು. ಬೆಟ್ಟ ಕಿತ್ತುಕೊಂಡು ಬರೀ ತೋಟ ಕೊಟ್ಟರೆ ಎಷ್ಟು ದಿನ ನಡೆದೀತು? ಹಳೇ ಅಡಿಗೆಮನೆಗೂ ಹೀಗೇ ಒಂದು ಬೆಟ್ಟ ಇತ್ತು. ಹಿತ್ತಲು, ಅಂಗಳ, ಅಟ್ಟ, ಜಗಲಿ. ಪೇಟೆಗೆ ಬರುವಾಗ ನಾವು ತೋಟ ಮಾತ್ರ ಹೊತ್ತು ತಂದೆವು.

ಬೆಟ್ಟ ಮಾಡುತ್ತಿದ್ದ ಕೆಲಸಗಳು ಎಲ್ಲಿಗೆ ಹೋಗಬೇಕು ಪಾಪ? ಒಂದೊಂದೇ ಒಳಗೆ ಬಂದು ಕೂತವು. ಒರಳಿನ ಬದಲು ಮಿಕ್ಸಿ, ಗ್ರೈಂಡರ್. ಬಾವಿಕಟ್ಟೆಯ ಬದಲು ಸಿಂಕು. ಅಟ್ಟದ ಬದಲು ಫ್ರಿಜ್ಜು. ಕಟ್ಟಿಗೆ ರಾಶಿಯ ಬದಲು 14.2 ಕಿಲೋ ಗ್ಯಾಸಿನ ಸಿಲಿಂಡರು, ಅದರ ಜೊತೆಗೆ ಭರ್ತಿಯಾದ ಇನ್ನೊಂದು. ಮೇಲೆ ನೀರಿನ ಫಿಲ್ಟರು. ಇವುಗಳ ನಡುವೆ ನಾನೂ ಒಂದು ಉಪಕರಣ.

ಯುರೋಪಿನವರಿಗೂ ಈ ತಾಪತ್ರಯ ಇತ್ತಂತೆ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಸಾಲುಸಾಲು ಸಣ್ಣ ಮನೆ ಕಟ್ಟಿಸುವಾಗ, 1926ರಲ್ಲಿ, ಮಾರ್ಗರೆಟೆ ಷ್ಯೂಟ್ಟೆ-ಲಿಹೋಟ್ಸ್‌ಕಿ ಎಂಬ ವಾಸ್ತುಶಿಲ್ಪಿ ಒಂದು ಅಡಿಗೆಮನೆಯ ನಕ್ಷೆ ಬರೆದರು. ಸುಮಾರು ಆರೂಕಾಲು ಅಡಿ ಅಗಲ, 11 ಅಡಿ ಉದ್ದ. ರೈಲಿನ ಊಟದ ಬೋಗಿಯ ಅಡಿಗೆ ಕೋಣೆ ನೋಡಿ ಹೊಳೆದದ್ದಂತೆ. ಸುಮಾರು ಹತ್ತು ಸಾವಿರ ಮನೆಗಳಿಗೆ ಅದು ಹೋಯಿತು. ಇವತ್ತಿನ ಮಾಡ್ಯುಲರ್ ಕಿಚನ್ನಿನ ಅಜ್ಜಿ ಅದೇ. ಬೇಳೆ, ಸಕ್ಕರೆಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬ. ಹಿಟ್ಟಿಗೆ ಓಕ್ ಮರದ ಡಬ್ಬ, ಹುಳ ಬರದಿರಲಿ ಎಂದು. ನಾವು ಅಕ್ಕಿಗೆ ಒಣಮೆಣಸು ಹಾಕುವುದೂ ಅದಕ್ಕೇ ತಾನೇ. ನನಗೆ ಜಾಸ್ತಿ ಖುಷಿ ಕೊಟ್ಟ ಸಂಗತಿ ಇನ್ನೊಂದು. ಆ ನಕ್ಷೆ ಬರೆಯುವ ಮೊದಲು ತಾನು ಮನೆ ನಡೆಸಿದವಳೂ ಅಲ್ಲ, ಅಡಿಗೆ ಮಾಡಿದವಳೂ ಅಲ್ಲ ಎಂದು ಆಕೆ ಆಮೇಲೆ ಹೇಳಿಕೊಂಡಿದ್ದರು. ಅಡಿಗೆಮನೆಗೆ ನಕ್ಷೆ ಕೊಡುವ ನಮ್ಮ ಮನೆಯ ಗಂಡಸರಿಗೆ ಇದನ್ನು ತಿಳಿಸಬಾರದು. ಅವರ ಉತ್ಸಾಹ ಹೆಚ್ಚಾದೀತು.

ಫ್ರಾಂಕ್‌ಫರ್ಟಿನ ಅಡಿಗೆಮನೆ ಒಬ್ಬರಿಗಾಗಿ ಮಾಡಿದ್ದು. ನಮ್ಮಲ್ಲಿ ಒಬ್ಬರೇ ಅಡಿಗೆ ಮಾಡುವುದು ಎಲ್ಲಿದೆ? ಒಬ್ಬರು ಕಾಯಿ ತುರಿಯುತ್ತಾರೆ, ಒಬ್ಬರು ತೆಳ್ಳೇವು ಎಂಬ ತೆಳು ದೋಸೆ ಎರೆಯುತ್ತಾರೆ, ಒಬ್ಬರು ಸುಮ್ನೆ ನಿಂತು ಸುದ್ದಿ ಹೇಳುತ್ತಾರೆ. ಎರಡು ಕಟ್ಟೆಗಳ ನಡುವೆ ಒಬ್ಬರಾದರೆ ಮೂರೂವರೆ ಅಡಿ, ಇಬ್ಬರಾದರೆ 4 ಅಡಿ ಬೇಕು ಅನ್ನುವುದು ಈಗಿನ ಲೆಕ್ಕ. ಸುದ್ದಿ ಹೇಳುವವರಿಗೆ ಎಷ್ಟಡಿ ಎಂದು ಅದರಲ್ಲಿಲ್ಲ.

ಮೇಸ್ತ್ರಿ ಬಂದು ಗೋಡೆ ತಟ್ಟಿ ನೋಡಿದ. ಹಾಲ್‌ಗೂ ಅಡಿಗೆಮನೆಗೂ ನಡುವಿನದು ಚಿರೇಕಲ್ಲಿನ ಗೋಡೆ, ಸ್ಲ್ಯಾಬಿನ ಭಾರ ಅದರ ಮೇಲೇ ಇದೆ. ಕಂಬ-ಬೀಮಿನ ಮನೆಯಾಗಿದ್ದರೆ ನಡುವಿನ ಗೋಡೆ ತೆಗೆದರೂ ನಡೆಯುತ್ತಿತ್ತು. ಇಲ್ಲಿ ಮೊದಲು ಜಾಕು ಕೊಟ್ಟು, ಬೀಮು ಹಾಕಿ, ಆಮೇಲೆ ಒಡೆಯಬೇಕು. ಖರ್ಚು ಕೇಳಿ ಇವರ ಮುಖ ಅರಳಿತು. ಹಾಲ್ ಉಳಿಯಿತಲ್ಲ! ವಾಸ್ತು ನೋಡಿದವರು ಒಲೆ ಆಗ್ನೇಯದಲ್ಲೇ ಇದೆ, ಕದಲಿಸಬೇಡಿ ಅಂದರು. ಅಲ್ಲಿಗೆ ಆ ಚರ್ಚೆಯೂ ಮುಗಿಯಿತು.

ಹಾಗಾಗಿ ಈಗ ಗೋಡೆ ಒಡೆಯುತ್ತಿಲ್ಲ. ಬೆಟ್ಟವನ್ನೇ ವಾಪಸು ತರುವ ಯೋಚನೆ. ಹಿತ್ತಲ ಬಾಗಿಲಿಂದ ಕಾಂಪೌಂಡಿನ ತನಕ ಒಂದು ಕಿರಿದಾದ ಜಾಗ ಇದೆ, ಕೊಡೆ, ಚಪ್ಪಲಿ, ಹಳೇ ಬಕೆಟ್ಟುಗಳ ವಾಸಸ್ಥಾನ. ಅಲ್ಲಿ ಗೋಡೆ ಎಬ್ಬಿಸಿದರೆ ನಗರಸಭೆಗೆ ಉತ್ತರ ಹೇಳಬೇಕಾದೀತು. ಅದಕ್ಕೇ ಮೊದಲು ಅವರನ್ನೇ ಕೇಳಿ, ಕಂಬ ಊರಿ ಶೀಟು ಇಳಿಸುವುದು. ಸುತ್ತ ತೆರೆದೇ ಇರಲಿ. ಜೂನಿನಲ್ಲಿ ಇರಚಲು ಹೊಡೆಯಲು ಶುರುವಾದರೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದರಾಯಿತು. ಪಾತ್ರೆ ತೊಳೆಯುವ ಸಿಂಕು ಅಲ್ಲಿಗೆ. ಗ್ರೈಂಡರೂ ಅಲ್ಲಿಗೆ. ಸಿಲಿಂಡರು ಕೂಡ ಹೊರಗಿದ್ದರೆ ಒಳ್ಳೆಯದೇ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ಕೂರುತ್ತದೆ. ಕಟ್ಟೆ ಕೆಳಗಿನ ಮುಚ್ಚಿದ ಪೆಟ್ಟಿಗೆಗಿಂತ ಗಾಳಿಯಾಡುವ ಜಾಗ ವಾಸಿ. ಮಾಡ್ಯುಲರ್ ಅಂಗಡಿಯಲ್ಲಿ ಕಂಡ ಹೊಳೆಯುವ ಬಾಗಿಲುಗಳನ್ನೂ ಕೈಬಿಟ್ಟೆ. ಒತ್ತಿದ ಪುಡಿಯ ಹಲಗೆ ನಮ್ಮ ಮಳೆಗಾಲದ ತೇವಕ್ಕೆ ಹಪ್ಪಳದ ಹಾಗೆ ಉಬ್ಬುತ್ತದೆ. ಕಡಪ ಕಲ್ಲಿನ ಶೆಲ್ಫು ಚಂದ ಕಾಣುವುದಿಲ್ಲ, ಆದರೆ ಬೂಸಲು ಹಿಡಿದರೆ ಒರೆಸಿದರೆ ಆಯಿತು.

ಫ್ರಿಜ್ಜಿಗೆ ಮಾತ್ರ ಹೊರಗೆ ಜಾಗ ಇಲ್ಲ, ಮಳೆಗೆ ಇಡುವ ಹಾಗಿಲ್ಲ. ಹಾಲ್‌ಗೆ ಬರುತ್ತದೆ. ಇವರಿಗೆ ಇನ್ನೂ ಹೇಳಿಲ್ಲ.

ಹಲಸಿನ ಹಪ್ಪಳದ ಹೊತ್ತಿಗೆ ಶೀಟು ಆಗಬೇಕು ಎಂದು ಅತ್ತೆಯ ಆಜ್ಞೆ. ಮೇಸ್ತ್ರಿ ಮುಂಗಡ ತೆಗೆದುಕೊಂಡು, "ಮಾರಿಕಾಂಬೆ ಜಾತ್ರೆ ಮುಗಿಲಿ, ಬಂದೇ ಬಿಡ್ತೆ ಅಮ್ಮಾ" ಅಂದಿದ್ದಾನೆ. ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಯಾವ ಜಾತ್ರೆ ಎಂದು ಅವನು ಹೇಳಿದ್ದಾನಾ ಅಂತ ಅತ್ತೆ ವಿಚಾರಿಸುತ್ತಿದ್ದಾರೆ.