ಕಂಪ್ಲೇಂಟ್ ಕ್ಲೋಸ್ ಆಗಿದೆ, ನೀರು ಮಾತ್ರ ಹೊರಗೆ ಹೋಗುತ್ತಿಲ್ಲ

ಇವತ್ತು ಬೆಳಿಗ್ಗೆ ಮೊಬೈಲಿಗೆ ಮೆಸೇಜ್ ಬಂತು. ‘ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ. ದಯವಿಟ್ಟು ರೇಟಿಂಗ್ ನೀಡಿ.’ ಅದು ಬಂದಾಗ ನಾನು ಪಂಚೆ ಎತ್ತಿ ಕಟ್ಟಿಕೊಂಡು ವಾಷಿಂಗ್ ಮೆಷಿನ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಕೆಳಗಿನ ಚಿಕ್ಕ ಪೈಪಿನಿಂದ ಸೋಪಿನ ನೀರನ್ನು ಮಗ್ಗಿಗೆ ಬಿಡುವುದು, ಬಕೆಟ್ಟಿಗೆ ಸುರಿಯುವುದು. ಡ್ರಮ್ಮಿನೊಳಗೆ ಬೆಡ್‌ಶೀಟ್‌ಗಳು ನೆನೆಯುತ್ತಾ ಬಿದ್ದಿವೆ. ಆದರೆ ಕಂಪನಿಯ ಲೆಕ್ಕದಲ್ಲಿ ನನ್ನ ಸಮಸ್ಯೆ ಮುಗಿದಿದೆ.

ಹುಡುಗ ಬಂದಿದ್ದ, ಇಲ್ಲ ಅನ್ನಲ್ಲ. ಹೇಳಿದ ಸಮಯಕ್ಕೆ ಸರಿಯಾಗಿ, ಯೂನಿಫಾರ್ಮ್ ಹಾಕಿಕೊಂಡು. ಮೆಷಿನ್ ಫೋಟೊ ತೆಗೆದ, ಸೀರಿಯಲ್ ನಂಬರ್ ಫೋಟೊ ತೆಗೆದ, ಆನ್ ಮಾಡಿ ಕಿವಿ ಕೊಟ್ಟು ಕೇಳಿದ. ‘ಡ್ರೈನ್ ಪಂಪ್ ಹೋಗಿದೆ ಅಂಕಲ್. ಪಾರ್ಟ್ ಆರ್ಡರ್ ಹಾಕ್ತೀನಿ. ಒಂದು ಒಟಿಪಿ ಬರುತ್ತೆ, ಹೇಳ್ಬಿಡಿ.’

ಯಾಕಪ್ಪಾ ಒಟಿಪಿ?

‘ಕಾಲ್ ಕ್ಲೋಸ್ ಮಾಡೋಕೆ. ಪೆಂಡಿಂಗ್ ಬಿದ್ರೆ ನನ್ನ ಇನ್ಸೆಂಟಿವ್ ಕಟ್ ಆಗುತ್ತೆ. ಪಾರ್ಟ್ ಬಂದ್ಮೇಲೆ ಹೊಸ ಕಂಪ್ಲೇಂಟ್ ಹಾಕಿ, ನಾನೇ ಬರ್ತೀನಿ.’

ಕೊಟ್ಟೆ. ಆ ಮುಖ ನೋಡಿ ಕೊಡಲ್ಲ ಅನ್ನೋಕೆ ಮನಸ್ಸು ಬರಲಿಲ್ಲ. ಅವನ ಮೇಲೆ ನನಗೆ ಸಿಟ್ಟೂ ಇಲ್ಲ. ಸಿಟ್ಟಿರುವುದು ಆ ‘ಹೊಸ ಕಂಪ್ಲೇಂಟ್’ ಅನ್ನೋ ಮಾತಿನ ಮೇಲೆ. ಅಂದರೆ ಕೆಟ್ಟಿರುವುದು ಒಂದೇ ಪಂಪು, ಯಶಸ್ಸು ಮಾತ್ರ ಎರಡು. ಮತ್ತೆ ಕೆಟ್ಟರೆ ಮೂರು. ರಿಪೇರಿ ಹದಗೆಟ್ಟಷ್ಟೂ ರಿಪೋರ್ಟು ಚೆಂದ! ಇಂಥ ಲೆಕ್ಕ ಕಂಡುಹಿಡಿದವರಿಗೆ ಶಾಲು ಹೊದೆಸಿ ಸನ್ಮಾನ ಮಾಡಬೇಕು.

ಬೇಗ, ಕಮ್ಮಿ ಖರ್ಚಿನಲ್ಲಿ ಕೆಲಸ ಮುಗಿಸುವುದು ದಕ್ಷತೆ, ಒಪ್ಪಿದೆ. ಆದರೆ ಮುಗಿಸಿದ್ದರಿಂದ ಆಗಬೇಕಾದದ್ದು ಆಯಿತಾ? ಇದನ್ನು ಯಾರೂ ಕೇಳುವುದೇ ಇಲ್ಲ.

ಪೀಣ್ಯದ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡಿಕೊಂಡೇ ತಲೆ ಬೆಳ್ಳಗಾದವನು ನಾನು. ನೈಟ್ ಶಿಫ್ಟಿನವರು ನಡುವೆ ತೂತಿರುವ ಲೋಹದ ಬುಷ್‌ಗಳನ್ನು ಟ್ರೇಗಟ್ಟಲೆ ಜೋಡಿಸಿಟ್ಟು ಹೋಗಿರುತ್ತಿದ್ದರು. ಬೋರ್ಡಿನಲ್ಲಿ ಟಾರ್ಗೆಟ್‌ಗಿಂತ ಜಾಸ್ತಿ. ಬೆಳಿಗ್ಗೆ ತೂತಿನ ಅಳತೆ ನೋಡುವ ಪ್ಲಗ್ ಗೇಜ್ ಹಾಕಿ ನೋಡಿದರೆ, ಒಳಗೆ ಹೋಗಲೇಬಾರದ ನೋ-ಗೋ ಕಡೆಯೂ ಕೆಲವು ಸಲ ಸಲೀಸಾಗಿ ಒಳಗೆ ಹೋಗುತ್ತಿತ್ತು. ತೂತು ಚಿಕ್ಕದಿದ್ದರೆ ಮತ್ತೆ ಕೊರೆಯಬಹುದು. ದೊಡ್ಡದಾದರೆ ಮುಗೀತು, ಗುಜರಿ. ಆದರೂ ಬೋರ್ಡಿನಲ್ಲಿ ಆ ಶಿಫ್ಟೇ ಮೇಲೆ. ಯಾಕೆಂದರೆ ಬೋರ್ಡಿಗೆ ಬೇಕಿದ್ದದ್ದು ಪೀಸ್ ಎಷ್ಟು ಅಂತ. ಆ ಬೋರ್ಡ್ ನೆನೆಸಿಕೊಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಕ್ವಾಲಿಟಿಯವರು ಅಂದರೆ ಕೆಲಸಕ್ಕೆ ಅಡ್ಡಗಾಲು ಹಾಕುವವರು ಅಂತಲೇ ಲೆಕ್ಕ. ನನಗೆ ಪ್ರಮೋಶನ್ ತಡವಾದದ್ದೂ ಅದಕ್ಕೇ ಅಂತ ನಮ್ಮ ಮನೆಯವಳ ವಾದ. ಇರಲಿ ಬಿಡಿ.

ಟೊಯೊಟಾ ಬಿಡದಿಯಲ್ಲಿ ಕ್ವಾಲಿಸ್ ಕಾರು ಮಾಡಲು ಶುರು ಮಾಡಿದ ಕಾಲ ನೆನಪಿದೆಯಾ? ನಮ್ಮ ಕಡೆ ಶೆಡ್ಡು ಶೆಡ್ಡಿನಲ್ಲೂ ಕೈಜೆನ್ (ದಿನದಿನವೂ ಚೂರುಚೂರು ಸುಧಾರಣೆ), ಫೈವ್ ಎಸ್ (ಜಾಗ ಚೊಕ್ಕಟ, ಸಾಮಾನು ಜೋಡಣೆ) ಅನ್ನುವ ಜಪಾನಿ ಪಾಠಗಳ ಚಾರ್ಟು ನೇತಾಡಿದವು. ಚಾರ್ಟು ತಂದರು, ಹಗ್ಗ ತರಲಿಲ್ಲ. ಟೊಯೊಟಾದ ಲೈನಿನಲ್ಲಿ ಅಂಡಾನ್ ಅಂತ ಒಂದು ಹಗ್ಗದ ವ್ಯವಸ್ಥೆ ಇದೆ. ತಪ್ಪು ಕಂಡರೆ ಯಾವ ಕೆಲಸಗಾರ ಬೇಕಾದರೂ ಎಳೆಯಬಹುದು. ಟೀಮ್ ಲೀಡರ್ ಓಡಿ ಬರುತ್ತಾನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಇಡೀ ಲೈನ್ ನಿಲ್ಲುತ್ತದೆ. ಟೊಯೊಟಾದ ಉತ್ಪಾದನಾ ಪದ್ಧತಿ ಕಟ್ಟಿದ ತೈಚಿ ಓನೊಗೆ ಬೇಡದ್ದನ್ನು ಮಾಡಿ ರಾಶಿ ಹಾಕುವುದೇ ಎಲ್ಲಕ್ಕಿಂತ ದೊಡ್ಡ ನಷ್ಟ. ನಮ್ಮಲ್ಲಿ ಲೈನ್ ನಿಲ್ಲಿಸಿದವನಿಗೆ ಮೆಮೊ.

ಸುಮ್ನೆ ನಮ್ಮವರನ್ನೇ ಬೈಯುತ್ತಿದ್ದೇನೆ ಅನ್ಕೋಬೇಡಿ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಕಥೆ ನೋಡಿ. ಒಬ್ಬೊಬ್ಬ ಗ್ರಾಹಕನಿಗೂ ಖಾತೆ, ಕಾರ್ಡು ಎಲ್ಲ ಸೇರಿ ಎಂಟು ಅಂಟಿಸಬೇಕು ಅನ್ನುವುದು ಗುರಿ. ಗುರಿಯ ಹಿಂದೆ ಓಡಿದರು, ಹೇಗೆ ಅಂತ 2016ರಲ್ಲಿ ಬಯಲಾಯಿತು. ಗ್ರಾಹಕರಿಗೆ ಗೊತ್ತೇ ಇಲ್ಲದೆ ಸುಮಾರು 20 ಲಕ್ಷ ಖಾತೆ, ಕಾರ್ಡು! 18.5 ಕೋಟಿ ಡಾಲರ್ ದಂಡ ಬಿತ್ತು, 5,300 ಜನರ ಕೆಲಸ ಹೋಯಿತು. 2020ರಲ್ಲಿ ಮತ್ತೆ 300 ಕೋಟಿ ಡಾಲರ್ ಕಟ್ಟಿದರು. ಅವರೂ ನನ್ನ ಹುಡುಗನ ಹಾಗೆ ಕಾಲ್ ಕ್ಲೋಸ್ ಮಾಡುತ್ತಿದ್ದರು, ಅಷ್ಟೇ. ಒಟಿಪಿ ಕೇಳುವ ಸೌಜನ್ಯವೂ ಇರಲಿಲ್ಲ.

ಮಧ್ಯಾಹ್ನ ಅಕ್ಕನ ಮಗ ಫೋನ್ ಮಾಡಿದಾಗ ಇದನ್ನೆಲ್ಲ ಒದರಿದೆ. ‘ಮಾವ, ಅವರಿಗೆ ದಿನಕ್ಕೆ ಸಾವಿರಾರು ಕಾಲ್ ಬರುತ್ತೆ. ಅಳತೆ ಇಲ್ಲದೆ ಹೇಗೆ ನಡೆಸ್ತಾರೆ? ಸ್ಪೀಡ್ ಇಲ್ಲಾಂದ್ರೂ ನೀವೇ ಬೈತೀರಲ್ವಾ?’ ಅಂದ.

ಬೈತೀನಿ, ಖಂಡಿತ. ಅಳೀಬೇಡಿ ಅಂತ ಯಾರಂದ್ರು? ಮೊದಲ ಭೇಟಿಯಲ್ಲೇ ಸರಿಯಾದದ್ದೆಷ್ಟು, ಅದೇ ಮನೆಯಿಂದ ತಿಂಗಳೊಳಗೆ ಮತ್ತೆ ಫೋನ್ ಬಂದದ್ದೆಷ್ಟು, ಇದನ್ನು ಅಳೀರಿ. ಸರ್ವಿಸ್ ಲೈನಿನಲ್ಲಿ ‘ಫಸ್ಟ್ ಟೈಮ್ ಫಿಕ್ಸ್’ ಅನ್ನುವ ಲೆಕ್ಕ ಇದ್ದೇ ಇದೆ. ಆದರೆ ಅದು ಏರಬೇಕಾದರೆ ಆ ಹುಡುಗನ ಬ್ಯಾಗಿನಲ್ಲಿ ಪಂಪ್ ಇರಬೇಕು. ಪಂಪ್ ಇಟ್ಟರೆ ಸ್ಟಾಕಿನಲ್ಲಿ ದುಡ್ಡು ಸಿಕ್ಕಿಕೊಳ್ಳುತ್ತದೆ. ಸ್ಟಾಕ್ ಇಳಿಸಿದ್ದಕ್ಕೆ ಸ್ಟೋರ್ಸಿನವನಿಗೆ ಇನ್ನೊಂದು ಕಡೆ ಬೋನಸ್. ಅವನ ರಿಪೋರ್ಟಿನ ಹಾಳೆ ಹಸಿರು, ಅಂದರೆ ಗುರಿ ಮುಟ್ಟಿದೆ. ಫೋನ್ ಬೇಗ ಇಟ್ಟಿದ್ದಕ್ಕೆ ಕಾಲ್ ಸೆಂಟರಿನವಳ ಹಾಳೆ ಹಸಿರು. ಒಟಿಪಿ ಸಿಕ್ಕಿದ್ದಕ್ಕೆ ಹುಡುಗನ ಹಾಳೆಯೂ ಹಸಿರು. ಎಲ್ಲ ಹಸಿರು ಕೂಡಿದ ಮೇಲೆ ಮಗ್ ಹಿಡಿದು ಕೂತವನ ಲೆಕ್ಕ ಯಾರ ಹಾಳೆಯಲ್ಲಿದೆ ಅಂತ ಕೇಳಿದೆ.

‘ಮೀಟಿಂಗ್ ಇದೆ ಮಾವ’ ಅಂತ ಇಟ್ಟುಬಿಟ್ಟ. ಅವನ ಆಫೀಸಿನಲ್ಲಿ ದಿನಕ್ಕೆ ಇಷ್ಟು ಟಿಕೆಟ್ ಕ್ಲೋಸ್ ಮಾಡಲೇಬೇಕಂತೆ, ಆಮೇಲೆ ಅಕ್ಕ ಹೇಳಿದಳು.