ಕೈ ಬೀಸಿದರೆ ಗಣಿತ ಬಂದೀತೇ?

ಗೆಳತಿಯೊಬ್ಬರು ಪಾಠ ಮಾಡುವ ಬೆಂಗಳೂರಿನ ಶಾಲೆಯೊಂದರ ಐದನೇ ತರಗತಿಯಲ್ಲಿ ಕಳೆದ ವಾರ ಒಂದು ಮಧ್ಯಾಹ್ನ ಕುಳಿತಿದ್ದೆ. ಪ್ರೊಜೆಕ್ಟರ್ ಪರದೆಯ ಕೆಳಗೆ, ಪೋಷಕರೊಬ್ಬರು ಕೊಟ್ಟಿದ್ದ ಹಳೆಯ ಕಿನೆಕ್ಟ್ ಇತ್ತು. ಆಡುವವರ ಮೈಯ ಚಲನೆಯಿಂದಲೇ ಆಟ ನಡೆಸುವ ಈ ಸಾಧನವನ್ನು ಮೈಕ್ರೋಸಾಫ್ಟ್ 2010ರಲ್ಲಿ ಮಾರುಕಟ್ಟೆಗೆ ತಂದು, 2017ರಲ್ಲಿ ತಯಾರಿಕೆಯನ್ನು ನಿಲ್ಲಿಸಿತು.

ಮೊದಲನೆಯದು ಮಗ್ಗಿಯ ಆಟ. ಏಳೆಂಟಲ ಎಷ್ಟು ಎಂಬ ಪ್ರಶ್ನೆ ಮೂಡಿದರೆ, 56 ಎಂದು ಬರೆದ ಬಲೂನನ್ನು ಕೈಯಿಂದ ಒಡೆಯಬೇಕು. ಒಬ್ಬ ಹುಡುಗ ಪ್ರಶ್ನೆ ಓದುವ ಗೋಜಿಗೇ ಹೋಗದೆ ಎರಡೂ ಕೈಗಳನ್ನು ಗಾಳಿಪಂಖದಂತೆ ಬೀಸಿ, ಇದ್ದಬದ್ದ ಬಲೂನುಗಳನ್ನೆಲ್ಲ ಒಡೆದು ಚಪ್ಪಾಳೆ ಗಿಟ್ಟಿಸಿದ. ಎರಡನೆಯ ಆಟದಲ್ಲಿ ತೋಳುಗಳನ್ನು ಚಾಚಿ, ಪರದೆ ಕೇಳಿದ ಕೋನವನ್ನು ಮಾಡಿ ತೋರಿಸಬೇಕಿತ್ತು. ಲಂಬಕೋನವನ್ನು ದಾಟಿ ವಿಶಾಲಕೋನಕ್ಕೆ ಹೋಗಲು ತೋಳು ಎಷ್ಟು ಸರಿಯಬೇಕೆಂಬುದು ಅಲ್ಲಿ ಮಕ್ಕಳ ಭುಜಕ್ಕೇ ತಿಳಿಯುತ್ತಿತ್ತು. ಮೊದಲ ಆಟದಲ್ಲಿ ಕೈ ಮಾಡಿದ್ದು ಬರೀ ಮೌಸಿನ ಕೆಲಸ. ಅದಕ್ಕೆ ಇಷ್ಟು ಸಲಕರಣೆ ಬೇಕಿರಲಿಲ್ಲ.

ಮೊದಲ ತಲೆಮಾರಿನ ಕಿನೆಕ್ಟ್, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಚುಕ್ಕಿಗಳನ್ನು ಎದುರಿಗೆ ಚೆಲ್ಲಿ, ಅವು ಬಿದ್ದ ಬಗೆಯಿಂದ ದೂರವನ್ನು ಲೆಕ್ಕಹಾಕಿ, ದೇಹದ 20 ಕೀಲುಗಳನ್ನು ಗುರುತಿಸುತ್ತದೆ. ಆದರೆ ಒಮ್ಮೆಗೆ ಇಬ್ಬರದು ಮಾತ್ರ. ತರಗತಿಯಲ್ಲಿದ್ದವರು 40 ಮಕ್ಕಳು. ಸಾಲದ್ದಕ್ಕೆ, ಪಶ್ಚಿಮದ ಕಿಟಕಿಯಿಂದ ಬಿಸಿಲು ಬಿದ್ದೊಡನೆ ಪರದೆಯ ಮೇಲಿನ ಕಡ್ಡಿಗೊಂಬೆ ಕೈಕಾಲು ಸೊಟ್ಟಗಾಗಿ ಕುಸಿಯಿತು. ಸೂರ್ಯನ ಬೆಳಕಿನಲ್ಲೂ ಅವಕೆಂಪು ಇರುವುದರಿಂದ ಸಾಧನದ ಚುಕ್ಕಿಗಳು ಅದರಲ್ಲಿ ಮುಳುಗಿಹೋಗುತ್ತವೆ. ಆಯಾ ತಂದ ಜಮಖಾನವನ್ನು ಕಿಟಕಿಗೆ ಕಟ್ಟಿದ ಮೇಲೆ ಆಟ ಮುಂದುವರಿಯಿತು.

ಈಗ ಸಾಮಾನ್ಯ ವೆಬ್‌ಕ್ಯಾಮ್ ಸಾಕು; ಮಕ್ಕಳೇ ಆಟಗಳನ್ನು ರೂಪಿಸಬಹುದಾದ, ಉಚಿತವಾಗಿ ಸಿಗುವ ಪ್ರೋಗ್ರಾಮಿಂಗ್ ತಂತ್ರಾಂಶ ಸ್ಕ್ರ್ಯಾಚ್‌ನಲ್ಲೇ ಕ್ಯಾಮೆರಾ ಮುಂದಿನ ಚಲನೆಯನ್ನು ಗ್ರಹಿಸುವ ಸೌಲಭ್ಯವಿದೆ. (ಮಕ್ಕಳ ಚಿತ್ರ ಎಲ್ಲಿ ಉಳಿಯುತ್ತದೆಂದು ಪೋಷಕರು ಕೇಳಲೇಬೇಕು.) ನಿಜವಾದ ಕೊರತೆ ಜಾಗದ್ದು. ಬೆಂಚುಗಳನ್ನು ಒತ್ತಿ ಜೋಡಿಸಿದ ನಮ್ಮ ಕೊಠಡಿಗಳಲ್ಲಿ ತೋಳು ಚಾಚಿದರೆ ಪಕ್ಕದವರ ಮೂಗಿಗೆ ತಗಲುತ್ತದೆ. ಮಕ್ಕಳು ಗುಂಪಾಗಿ ನೆಲದ ಮೇಲೆ ಕುಳಿತು ಕಲಿಯುವ ಸರ್ಕಾರಿ ಶಾಲೆಗಳ ನಲಿ-ಕಲಿ ಕೊಠಡಿಗಳೇ ಇದಕ್ಕೆ ಹೆಚ್ಚು ಹೊಂದುತ್ತವೆಂದು ನನ್ನ ಅನಿಸಿಕೆ.

ಸರದಿಗಾಗಿ ಕಾದು ಬೇಸತ್ತಿದ್ದ 38 ಮಕ್ಕಳ ಪೈಕಿ ಕೊನೆಯ ಬೆಂಚಿನ ಇಬ್ಬರು ಹುಡುಗಿಯರು, ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತೆಗೆದು ಒಬ್ಬರ ಮೊಣಕೈಯನ್ನು ಇನ್ನೊಬ್ಬರು ಅಳೆಯುತ್ತಿದ್ದರು. "ನೂರಿಪ್ಪತ್ತು ಆಯ್ತು ಕಣೇ, ಇನ್ನೂ ಸ್ವಲ್ಪ ಮಡಚು" ಎಂದಳು ಒಬ್ಬಳು. ಮುಂದಿನ ವಾರದಿಂದ ಕಾಯುವವರೆಲ್ಲರಿಗೂ ಇದೇ ಕೆಲಸ ಕೊಡುವುದಾಗಿ ಗೆಳತಿ ಹೇಳಿದ್ದಾರೆ.